ಟ್ಯಾಬ್ಲೆಟ್, ಲ್ಯಾಪ್‌ಟಾಪ್, ಮಾತಾಡುವ ಸ್ಪೀಕರ್: ಉಡುಪಿಯ ಮೂರು ಮಳೆಗಾಲದ ಬಳಿಕ

11 ಇಂಚಿನ ಟ್ಯಾಬ್ಲೆಟ್, 15.6 ಇಂಚಿನ ವಿಂಡೋಸ್ ಲ್ಯಾಪ್‌ಟಾಪ್, ಒಂದು ಸ್ಮಾರ್ಟ್ ಸ್ಪೀಕರ್. ಮೂರೂ ಉಡುಪಿಯ ಒಂದೇ ಮನೆಯಲ್ಲಿ ಮೂರು ಮಳೆಗಾಲ ಕಂಡಿವೆ. ಒಂದನ್ನೇ ಇಟ್ಟುಕೊಳ್ಳಿ ಎಂದರೆ ಉಳಿಯುವುದು ಲ್ಯಾಪ್‌ಟಾಪ್, ಅದೂ ಕನ್ನಡದ ಕಾರಣಕ್ಕೆ.

ನುಡಿ ಎಂಬುದು ಕನ್ನಡ ಬೆರಳಚ್ಚಿಗೆಂದು ವಿಂಡೋಸಿಗಾಗಿ ಬಂದ ತಂತ್ರಾಂಶ. ಅದರಲ್ಲಿ ಬಳಸುವ, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಬೆರಳಿಗೆ ಹತ್ತಿದವರಿಗೆ ಟ್ಯಾಬ್ಲೆಟ್ಟಿನ ಗಾಜು ಒಗ್ಗುವುದಿಲ್ಲ. ಬ್ಲೂಟೂತ್ ಕೀಬೋರ್ಡ್ ಕೊಳ್ಳುವ ಯೋಚನೆ ಇದ್ದರೆ ಅಂಗಡಿಯಲ್ಲೇ ಜೋಡಿಸಿ ‘ಕೃಷ್ಣ’, ‘ಕ್ಷೇತ್ರ’ ಎಂದು ಬರೆದು ನೋಡಿ. ಪರದೆಯ ಮೇಲಿನ ಕೀಲಿಗಳಲ್ಲಿ ಕನ್ನಡ ಮೂಡುವ ಟ್ಯಾಬ್ಲೆಟ್, ಹೊರಗಿನ ಕೀಬೋರ್ಡಿಗೆ ಬರೀ ಇಂಗ್ಲಿಷ್ ಕೊಡುವುದುಂಟು. ಪ್ರೆಸ್ಸಿನಿಂದ ಬಂದ ಹಳೆಯ ನುಡಿ ಫೈಲನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಅಕ್ಷರಗಳ ಕಲಸುಮೇಲೋಗರ. ಫೈಲೇನೂ ಕೆಟ್ಟಿಲ್ಲ, ಅದು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ, ಕನ್ನಡದ ಆಕಾರ ಇರುವುದು ಫಾಂಟಿನಲ್ಲಿ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಿಕೊಳ್ಳಿ, ಆಮೇಲೆ ಅರ್ಕಾವತ್ತು ಬಂದ ಕಡೆಯೆಲ್ಲ ಕಣ್ಣಾಡಿಸಿ. ತಪ್ಪು ಹೆಚ್ಚಾಗಿ ಸಿಗುವುದು ಅಲ್ಲೇ.

ಓದಲಿಕ್ಕೆ, ವಿಡಿಯೊ ಕರೆಗೆ, ಕರೆಂಟು ಹೋದ ರಾತ್ರಿಗೆ ಟ್ಯಾಬ್ಲೆಟ್ಟೇ ಸೈ. ಅದಕ್ಕೆ ಫ್ಯಾನ್ ಇಲ್ಲದಿರುವುದು ಕರಾವಳಿಯಲ್ಲಿ ದೊಡ್ಡ ಗುಣ. ಲ್ಯಾಪ್‌ಟಾಪಿನ ಫ್ಯಾನ್ ತೇವ, ಉಪ್ಪು, ಧೂಳು ಮೂರನ್ನೂ ಎಳೆದು ಬಿಸಿ ಹೊರಹಾಕುವ ಹೀಟ್‌ಸಿಂಕಿನ ಸಂದಿಯಲ್ಲಿ ಮೆತ್ತುತ್ತದೆ. ಮೇ ಮುಗಿಯುವುದರೊಳಗೆ ಬಿಚ್ಚಿಸಿ ಶುಚಿ ಮಾಡಿಸಿ. ಮಲ್ಪೆ, ಉಳ್ಳಾಲದ ಹಾಗೆ ಕಡಲ ಬದಿಯಲ್ಲಿ ಮನೆಯಿದ್ದರೆ ವರ್ಷಕ್ಕೆ ಎರಡು ಸಲ. ಕಪಾಟಿನಲ್ಲಿ ಮಲಗಿರುವ ಯಂತ್ರವೇ ಬೇಗ ಹಾಳಾಗುತ್ತದೆ. ದಿನಾ ಒಂದು ಗಂಟೆ ಓಡಿದರೆ ಅದರ ಬಿಸಿಯೇ ತೇವ ಓಡಿಸುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಇಡುವುದಾದರೆ ಗಾಳಿಯಾಡದ ಡಬ್ಬವೇ ಬೇಕು. ಬಟ್ಟೆ ಬ್ಯಾಗಿನಲ್ಲಿ ಇಟ್ಟರೆ ಊರಿನ ತೇವವನ್ನೆಲ್ಲ ಕುಡಿದು ಎರಡೇ ದಿನಕ್ಕೆ ಸುಸ್ತು. ಕಿತ್ತಳೆ ಬಣ್ಣದ್ದು ತನ್ನಿ, ಹಸಿರಾದಾಗ ಬದಲಿಸಿ. ನೀಲಿಯದರಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮಕ್ಕಳಿರುವ ಮನೆಗೆ ಬೇಡ.

ಇನ್ನು ಸ್ಪೀಕರ್. ಅಮೆಜಾನ್ ಸ್ಪೀಕರಿನ ಅಲೆಕ್ಸಾ ಇಲ್ಲಿ ಆಡುವುದು ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಬೇಕಾದರೆ ಫೋನಿನ ಗೂಗಲ್ ಅಸಿಸ್ಟೆಂಟ್. ಅದಕ್ಕೂ ‘ನಾಳೆ ಮಳೆ ಉಂಟಾ’ ಅನ್ನುವುದಕ್ಕಿಂತ ‘ನಾಳೆ ಮಳೆ ಬರುತ್ತದೆಯೇ’ ಎಂಬ ಪುಸ್ತಕದ ಕನ್ನಡ ಸಲೀಸು. ತುಳು 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಬಂದರೂ ಸ್ಪೀಕರಿನ ಕಿವಿಗೆ ಬಂದಿಲ್ಲ. ಅಜ್ಜಿ ತುಳುವಿನಲ್ಲಿ ಎಷ್ಟು ಬೈದರೂ ಅದಕ್ಕೆ ತಾಗುವುದಿಲ್ಲ!

ತಗಡಿನ ಮಾಡಿನ ಮೇಲೆ ಮಳೆ ಹೊಯ್ದರೆ ಕೂಗಿ ಕರೆದರೂ ಸ್ಪೀಕರ್ ಏಳದು. ಸೀಲಿಂಗ್ ಫ್ಯಾನಿನ ನೇರ ಕೆಳಗೆ ಇಡಬೇಡಿ; ಗೋಡೆಯಿಂದ 20 ಸೆಂ.ಮೀ. ದೂರವಿರಲಿ. ರೂಟರ್ ಮತ್ತು ಸ್ಪೀಕರ್ ನಡುವೆ ಕೆಂಪುಕಲ್ಲಿನ ಗೋಡೆಗಳಿದ್ದರೆ 5 ಗಿಗಾಹರ್ಟ್ಸ್ ವೈಫೈ ಬಿಟ್ಟು 2.4 ಗಿಗಾಹರ್ಟ್ಸಿನದಕ್ಕೆ ಜೋಡಿಸಿ, ಸಂಪರ್ಕ ಕಡಿಯುವುದು ಕಡಿಮೆಯಾಗುತ್ತದೆ. ಮನೆಯವರ ಮಾತುಕತೆ ನಡೆಯುವಾಗ ಮೈಕ್ ಗುಂಡಿ ಒತ್ತಿ. ಕೆಂಪು ದೀಪ ಉರಿದರೆ ಕಿವಿ ಮುಚ್ಚಿದೆ ಎಂದರ್ಥ.

ಕರೆಂಟು ಹೋದರೆ ಬ್ಯಾಟರಿಯಿಲ್ಲದ ಸ್ಪೀಕರೂ ರೂಟರೂ ಒಟ್ಟಿಗೇ ಸತ್ತಂತೆ. ರೂಟರಿಗೆ ಮಿನಿ ಯುಪಿಎಸ್ ತರುವಾಗ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚಿರಬೇಕು. 12 ವೋಲ್ಟಿನ ರೂಟರಿಗೆ 9 ವೋಲ್ಟಿನದು ಕೊಟ್ಟರೆ ದೀಪವೇನೋ ಮಿನುಗೀತು, ವೈಫೈ ಬರದು. ಗುಡುಗು ಶುರುವಾದರೆ ಪ್ಲಗ್ ಜೊತೆಗೆ ರೂಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕಿತ್ತಿಡಿ; ಸಿಡಿಲಿನ ಪೆಟ್ಟು ಆ ತಾಮ್ರದ ದಾರಿಯಿಂದಲೂ ಲ್ಯಾಪ್‌ಟಾಪಿಗೆ ಬರುತ್ತದೆ.