ಚಾರ್ಮಾಡಿ ಹತ್ತಿಸಿ ನೋಡಿದ ಮೂರು ಬೈಕು: ಮೀಟಿಯರ್, ಡಾಮಿನಾರ್, ಹಿಮಾಲಯನ್

ಮೊದಲೇ ಹೇಳಿಬಿಡುತ್ತೇನೆ, ಈ ಮೂರರಲ್ಲಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ನನ್ನದು. ನಾಲ್ಕು ವರ್ಷದಿಂದ ಓಡಿಸುತ್ತಿದ್ದೇನೆ. ಬಜಾಜ್ ಡಾಮಿನಾರ್ 400 ನಮ್ಮ ಭಾವನವರದು. ರಾಯಲ್ ಎನ್‌ಫೀಲ್ಡ್‌ನದೇ ಆದ ಹಿಮಾಲಯನ್ 450 ಮೂಡಿಗೆರೆ ಹತ್ತಿರ ಕಾಫಿ ತೋಟ ಇರುವ ಗೆಳೆಯನದು. ಲಾಂಗ್ ರೈಡಿಗೆ ಹೊಸ ಗಾಡಿ ತೆಗೆದುಕೊಳ್ಳಬೇಕು ಅನ್ನಿಸಿದಾಗ ಒಂದು ತಿಂಗಳು ವಿಡಿಯೊ ನೋಡಿದೆ. ನೋಡಿದಷ್ಟೂ ಗೊಂದಲವೇ ಜಾಸ್ತಿಯಾಯಿತು. ಕೊನೆಗೆ ಮೂರನ್ನೂ ಒಂದೇ ರಸ್ತೆಯಲ್ಲಿ, ಅದೇ ಎರಡು ಬ್ಯಾಗ್ ಕಟ್ಟಿಕೊಂಡು, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಓಡಿಸಿ ನೋಡೋಣ ಅಂತ ತೀರ್ಮಾನ ಮಾಡಿದೆ. ಮೂರು ಭಾನುವಾರ, ಮೂರು ಗಾಡಿ.

ಹಾಸನದಿಂದ ಹೊರಟು ಸಕಲೇಶಪುರ, ಶಿರಾಡಿ ಇಳಿದು ಗುಂಡ್ಯ, ಧರ್ಮಸ್ಥಳ, ಉಜಿರೆ. ಅಲ್ಲಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮೂಡಿಗೆರೆ, ಬೇಲೂರು ಮೇಲೆ ವಾಪಸ್. ಸುಮಾರು 250 ಕಿಲೋಮೀಟರ್. ಇದರಲ್ಲಿ ಹೈವೇ ಇದೆ, ಘಾಟಿ ಇದೆ, ಮಂಜು ಇದೆ, ಗುಂಡಿಯೂ ಇದೆ. ಇದಲ್ಲದೆ ಬೇರೆ ಬೇರೆ ದಿನ ಮೂರನ್ನೂ ಹಿರಿಯೂರಿನಿಂದ ಹುಬ್ಬಳ್ಳಿ ಕಡೆಗೆ 48ನೇ ಹೆದ್ದಾರಿಯಲ್ಲಿ ಓಡಿಸಿದೆ.

ಇಂಜಿನ್ ವಿಷಯಕ್ಕೆ ಬರೋಣ, ಯಾಕೆಂದರೆ ನನ್ನ ಲೆಕ್ಕಾಚಾರ ತಲೆಕೆಳಗಾಗಿದ್ದು ಅಲ್ಲೇ. ಲೆಕ್ಕ ನೋಡಿದರೆ ಮೀಟಿಯರ್‌ದು 20 ಎಚ್‌ಪಿ. ಉಳಿದ ಎರಡೂ 40ರ ಆಸುಪಾಸು. ಅಂದರೆ ನನ್ನ ಗಾಡಿಯ ಶಕ್ತಿ ಅರ್ಧಕ್ಕರ್ಧ. ಆದರೆ ಘಾಟಿ ಹತ್ತುವಾಗ ಆ ಶಕ್ತಿ ಯಾವ ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಕೈಗೆ ಸಿಗುತ್ತದೆ ಅನ್ನುವುದೇ ಮುಖ್ಯ. ಮೀಟಿಯರ್‌ನ 27 ನ್ಯೂಟನ್ ಮೀಟರ್ ಟಾರ್ಕ್ (ಇಂಜಿನ್ನಿನ ತಿರುಗಿಸುವ ಬಲ) ಪೂರ್ತಿ 4000 ಆರ್‌ಪಿಎಂಗೇ ಬಂದುಬಿಡುತ್ತದೆ. ಹಿಮಾಲಯನ್ 40 ನ್ಯೂಟನ್ ಮೀಟರನ್ನು 5500ರಲ್ಲಿ ಕೊಡುತ್ತದೆ. ಡಾಮಿನಾರ್‌ನ 35 ಸಿಗಬೇಕಾದರೆ 6000 ದಾಟಬೇಕು.

ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಈ ಅಂಕಿಯೆಲ್ಲ ಕೈಗೇ ಗೊತ್ತಾಗುತ್ತದೆ. ಮೇಲಿಂದ ಸರ್ಕಾರಿ ಬಸ್ ಬರುತ್ತಿದೆ, ನೀವು ಎಡಕ್ಕೆ ಒತ್ತಿ ನಿಧಾನ ಮಾಡಿದ್ದೀರಿ, ಮಂಜಿನ ನೀರಿಗೆ ರಸ್ತೆ ಒದ್ದೆ, ಸ್ಪೀಡು 15ಕ್ಕೆ ಇಳಿದಿದೆ. ಈಗ ಥ್ರಾಟಲ್ ತಿರುಗಿಸಿ. ಮೀಟಿಯರ್ ಎರಡನೇ ಗೇರಿನಲ್ಲಿ ಗುಡುಗುಡು ಅಂತ ಎದ್ದು ಹೋಗುತ್ತದೆ. ಅದಕ್ಕೆ ಆರ್‌ಪಿಎಂ ಮೀಟರೇ ಇಲ್ಲ, ಕಿವಿಯಲ್ಲೇ ಅಂದಾಜು ಮಾಡಬೇಕು. ಸ್ವಲ್ಪ ದಿನಕ್ಕೆ ಅದು ಅಭ್ಯಾಸವಾಗುತ್ತದೆ. ಡಾಮಿನಾರ್‌ನಲ್ಲಿ ಅದೇ ತಿರುವಿಗೆ ನಾನು ಮೊದಲನೇ ಗೇರಿಗೆ ಬಂದೆ. ಎರಡನೆಯದರಲ್ಲೇ ಬಿಟ್ಟಾಗ ಚೈನು ಕಟಕಟ ಅಂದಿತು, ಹಾಫ್ ಕ್ಲಚ್ ಹಿಡಿಯಬೇಕಾಯಿತು. ಸಂಜೆ ಇದನ್ನು ಹೇಳಿದಾಗ ಭಾವ, "ಗೇರ್ ಇಳಿಸೋ ಮಾರಾಯ, ಆ ಇಂಜಿನ್ ಇರೋದೇ ಎಳೆದು ಓಡಿಸೋಕೆ" ಅಂದರು. ಅವರು ಹೇಳಿದ್ದು ನಿಜ. ಮುಂದಿನ ಸಲ 5000ದ ಮೇಲೇ ಇಟ್ಟುಕೊಂಡು ಓಡಿಸಿದಾಗ ಆ ಗಾಡಿಯ ಗತ್ತೇ ಬೇರೆ ಇತ್ತು. ಆದರೆ ಹಿಂದೆ ಹೆಂಡತಿ ಕೂತಿರುವಾಗ ಘಾಟಿಯಲ್ಲಿ ಹಾಗೆ ಓಡಿಸಲು ನನಗೆ ಮನಸ್ಸು ಬರುವುದಿಲ್ಲ.

ಹಿಮಾಲಯನ್ ಎರಡನ್ನೂ ಮಾಡುತ್ತದೆ. ಕೆಳಗಿನ ಆರ್‌ಪಿಎಂನಲ್ಲಿ ಮೀಟಿಯರ್‌ನಷ್ಟು ಸಮಾಧಾನ ಇಲ್ಲ, ಆದರೆ 3000 ದಾಟಿತು ಅಂದರೆ ಎಳೆತ ಒಂದೇ ಸಮನೆ ಏರುತ್ತಾ ಹೋಗುತ್ತದೆ. ನಡುವೆ ಎಲ್ಲೂ ಧಕ್ಕೆ ಇಲ್ಲ. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಕೊಟ್ಟಿಗೆಹಾರ ಸೇರುವವರೆಗೂ ಎರಡು, ಮೂರು ಬಿಟ್ಟರೆ ಬೇರೆ ಗೇರು ಮುಟ್ಟಿದ ನೆನಪಿಲ್ಲ.

ಹೈವೇಯಲ್ಲಿ ಲೆಕ್ಕ ಉಲ್ಟಾ. ನಾಲ್ಕು ಪಥದ ರಸ್ತೆಯಲ್ಲಿ ಬೈಕಿಗೆ ವೇಗದ ಮಿತಿ 80. ಹಾಗಾದರೆ 40 ಎಚ್‌ಪಿ ಯಾಕೆ ಬೇಕು ಅಂತ ಕೇಳಬಹುದು. ಬೇಕಾಗುವುದು ಲಾರಿ ದಾಟುವಾಗ. 60ರಲ್ಲಿ ಸಾಲಾಗಿ ಹೋಗುವ ಮೂರು ಲಾರಿ ಪಕ್ಕದಲ್ಲಿ ಇಬ್ಬರು ಕೂತ ಮೀಟಿಯರ್ ನಿಧಾನವಾಗಿ ತೆವಳುತ್ತದೆ. ಹಿಂದೆ ಕಾರಿನವನು ಲೈಟ್ ಹೊಡೆಯುತ್ತಿರುತ್ತಾನೆ, ನಿಮ್ಮ ಹತ್ತಿರ ಕೊಡುವುದಕ್ಕೆ ಇನ್ನೇನೂ ಉಳಿದಿರುವುದಿಲ್ಲ. ಡಾಮಿನಾರ್ ಒಂದು ಗೇರ್ ಇಳಿಸಿದರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಮುಂದೆ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ತಿರ ಅಡ್ಡಗಾಳಿ ಬಡಿಯುತ್ತದಲ್ಲ, ಅಲ್ಲೂ ಅದು ನೆಲ ಕಚ್ಚಿಕೊಂಡು ಹೋಯಿತು. ಎತ್ತರದ ಹಿಮಾಲಯನ್ ಅಲ್ಲಿ ಸ್ವಲ್ಪ ಓಲಾಡಿತು. ಹೆದರಿಕೆ ಆಗುವಷ್ಟೇನಲ್ಲ, ಹ್ಯಾಂಡಲ್ ಬಿಗಿಯಾಗಿ ಹಿಡಿಯುವಷ್ಟು. ಹೈವೇ ಮಾತ್ರ ನಿಮ್ಮ ಪ್ರಯಾಣವಾದರೆ ಸುಮ್ನೆ ಡಾಮಿನಾರ್ ತಗೊಳ್ಳಿ, ಮುಂದೆ ಓದುವ ಅಗತ್ಯ ಇಲ್ಲ.

ಪೆಟ್ರೋಲು: ನನಗೆ ಲೀಟರಿಗೆ ಮೀಟಿಯರ್ 34, ಹಿಮಾಲಯನ್ 29, ಡಾಮಿನಾರ್ 27 ಕೊಟ್ಟವು. ಟ್ಯಾಂಕು ಕ್ರಮವಾಗಿ 15, 17, 13 ಲೀಟರ್. ಡಾಮಿನಾರ್‌ನಲ್ಲಿ 300 ಕಿಲೋಮೀಟರ್ ಆಗುತ್ತಿದ್ದಂತೆ ಕಣ್ಣು ಬಂಕ್ ಹುಡುಕಲು ಶುರುಮಾಡುತ್ತದೆ.

ಇನ್ನು ನಂಬಿಕೆ. ನಮ್ಮಪ್ಪನ ಹತ್ತಿರ ಯೆಜ್ಡಿ ರೋಡ್‌ಕಿಂಗ್ ಇತ್ತು, ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯದು. ದಾರಿಯಲ್ಲಿ ನಿಂತರೆ ಅಪ್ಪ ಸ್ಪಾರ್ಕ್ ಪ್ಲಗ್ ಬಿಚ್ಚಿ, ಮರಳು ಕಾಗದದಲ್ಲಿ ಉಜ್ಜಿ, ಊದಿ, ಮತ್ತೆ ಹಾಕಿ ಕಿಕ್ ಹೊಡೆಯುತ್ತಿದ್ದರು. ಈಗಿನ ಮೂರೂ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳು, ಪೆಟ್ರೋಲ್ ಎಷ್ಟು ಬಿಡಬೇಕು ಅನ್ನುವುದನ್ನು ಸೆನ್ಸರ್ ನೋಡಿಕೊಂಡು ಎಲೆಕ್ಟ್ರಾನಿಕ್ಸೇ ತೀರ್ಮಾನಿಸುತ್ತದೆ. ಸೆನ್ಸರ್ ಕೈಕೊಟ್ಟರೆ ರಸ್ತೆ ಬದಿಯಲ್ಲಿ ನಾವು ಮಾಡುವಂಥದ್ದು ಬಹಳ ಕಡಿಮೆ. ಹಾಗಾಗಿ ನಾನು ನಂಬಿಕೆಯನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ನಮ್ಮ ಕೈಯಲ್ಲೇ ಸರಿಹೋಗುವ ಕೆಲಸ ಎಷ್ಟಿದೆ?

ಆರೇಳು ವರ್ಷದ ಹಿಂದೆ ನನ್ನ ಹತ್ತಿರ ಬೇರೆ ಗಾಡಿ ಇತ್ತು, ಯಾವುದು ಅಂತ ಬೇಡ. ಆಗುಂಬೆ ಇಳಿಯುವಾಗ ಕ್ಲಚ್ ಕೇಬಲ್ ಕಡಿಯಿತು. ಎರಡನೇ ಗೇರಿನಲ್ಲೇ ಬ್ರೇಕ್ ಹಿಡಿದು ಹಿಡಿದು ಸೋಮೇಶ್ವರದವರೆಗೆ ಇಳಿಸಿ, ಹೆಬ್ರಿಯಿಂದ ಕೇಬಲ್ ತರಿಸಿಕೊಳ್ಳುವ ಹೊತ್ತಿಗೆ ಕತ್ತಲಾಗಿತ್ತು. ಅಂದಿನಿಂದ ನನ್ನ ಎಲ್ಲ ಗಾಡಿಯಲ್ಲೂ ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು, ನಾಲ್ಕು ಕಡೆ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಕಟ್ಟಿಟ್ಟಿರುತ್ತೇನೆ. ತುದಿಗೆ ಸ್ವಲ್ಪ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಕಡಿದರೆ ಎರಡೂ ತುದಿ ಸಿಕ್ಕಿಸಿದರಾಯಿತು, ಹತ್ತು ನಿಮಿಷದ ಕೆಲಸ. ಯಾವ ಗಾಡಿ ತಗೊಂಡರೂ ಇದೊಂದು ಮಾಡಿಕೊಳ್ಳಿ.

ಈ ಲೆಕ್ಕದಲ್ಲಿ ಮೀಟಿಯರ್ ಮುಂದೆ ಇದೆ. ಗಾಳಿ ಮತ್ತು ಆಯಿಲ್‌ನಿಂದ ತಣ್ಣಗಾಗುವ ಇಂಜಿನ್, ರೇಡಿಯೇಟರ್ ಇಲ್ಲ, ಕೂಲೆಂಟ್ ಚಿಂತೆ ಇಲ್ಲ. ಸೆಂಟರ್ ಸ್ಟ್ಯಾಂಡ್ ಇರುವುದರಿಂದ ಹೋಂಸ್ಟೇ ಅಂಗಳದಲ್ಲೇ ಚೈನಿಗೆ ಲೂಬ್ ಹೊಡೆಯಬಹುದು. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರು. ಪಂಕ್ಚರ್ ಆದರೆ ಮೊಳೆ ಕಿತ್ತು ತೂತಿಗೆ ರಬ್ಬರ್ ಪ್ಲಗ್ ತುರುಕಿ ಗಾಳಿ ತುಂಬಿಸಿದರೆ ಮುಗಿಯಿತು. ಡಾಮಿನಾರ್‌ನಲ್ಲೂ ಹಾಗೇ. ಗೆಳೆಯನ ಹಿಮಾಲಯನ್ ಮೊದಮೊದಲ ಬ್ಯಾಚಿನದು, ಕಡ್ಡಿ ಚಕ್ರಕ್ಕೆ ಟ್ಯೂಬ್ ಟೈರು. ಬಣಕಲ್ ಹತ್ತಿರ ಮೊಳೆ ಹೊಕ್ಕಾಗ ಹಿಂದಿನ ಚಕ್ರ ಪೂರ್ತಿ ಬಿಚ್ಚಬೇಕಾಯಿತು, ಒಂದೂವರೆ ಗಂಟೆ ಹೋಯಿತು. ಮುಂದಿನ ಚಕ್ರ 21 ಇಂಚು. ಆ ಟ್ಯೂಬ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ ಅಂತ ಅವನು ಒಂದನ್ನು ಯಾವಾಗಲೂ ಬ್ಯಾಗಲ್ಲೇ ಇಟ್ಟುಕೊಂಡಿರುತ್ತಾನೆ. ಆಮೇಲೆ ಕಂಪನಿಯೇ ಟ್ಯೂಬ್‌ಲೆಸ್ ಕಡ್ಡಿ ಚಕ್ರ ಕೊಡಲು ಶುರುಮಾಡಿತು. ಹಿಮಾಲಯನ್ ತಗೊಳ್ಳುವವರು ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತಗೊಳ್ಳಿ.

ಹಿಮಾಲಯನ್ ಗೆಲ್ಲುವುದು ರಸ್ತೆ ಮುಗಿದ ಮೇಲೆ. ಗೆಳೆಯನ ತೋಟಕ್ಕೆ ಕೊನೆಯ ಮೂರು ಕಿಲೋಮೀಟರ್ ಬರೀ ಕಲ್ಲು, ಕೆಸರು. ಮೀಟಿಯರ್‌ನ ಫುಟ್‌ರೆಸ್ಟ್ ಮುಂದಕ್ಕಿದೆ, ಎದ್ದು ನಿಲ್ಲಲು ಆಗುವುದಿಲ್ಲ. ಪ್ರತಿ ಗುಂಡಿಯ ಪೆಟ್ಟೂ ನೇರ ಬೆನ್ನಿಗೆ. ನೆಲದಿಂದ ಅದರ ಎತ್ತರ 170 ಮಿಲಿಮೀಟರ್, ಎರಡು ಸಲ ಕಲ್ಲು ಸವರಿತು. ಡಾಮಿನಾರ್ ಇನ್ನೂ ಕೆಳಗೆ, 157. ಹಿಮಾಲಯನ್ 230. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಹೋದೆ. ಕೆಳಗೆ ಚಕ್ರ ಕುಣಿಯುತ್ತಿತ್ತು, ಕೈಗೆ ಮಾತ್ರ ಏನೂ ಬರಲಿಲ್ಲ.

ಅಂದಚೆಂದ ಅವರವರ ಇಷ್ಟ. ಮೀಟಿಯರ್‌ನ ದುಂಡು ಟ್ಯಾಂಕು ಮತ್ತು ದುಂಡು ಹೆಡ್‌ಲೈಟ್ ನನಗೆ ಈಗಲೂ ತುಂಬಾ ಇಷ್ಟ. ಅದನ್ನು ನೋಡಿ ಟೀ ಅಂಗಡಿಯಲ್ಲಿ ಹಿರಿಯರು "ಬುಲೆಟ್ಟಾ?" ಅಂತ ಮಾತಿಗೆಳೆಯುತ್ತಾರೆ. ಡಾಮಿನಾರ್ ಗಟ್ಟಿಮುಟ್ಟು, ಗಾಜು, ಕೈಗಾಪು, ಕ್ಯಾರಿಯರ್ ಎಲ್ಲ ಫ್ಯಾಕ್ಟರಿಯಿಂದಲೇ ಬರುತ್ತದೆ. ಹಿಮಾಲಯನ್‌ನಲ್ಲಿ ಅಂದ ಅನ್ನುವುದಕ್ಕಿಂತ ಕೆಲಸದ ಗಾಡಿ ಅನ್ನುವ ಕಳೆ ಇದೆ, ಅದೂ ಒಂದು ಅಂದವೇ.

ನನ್ನ ವೋಟು ಹಿಮಾಲಯನ್‌ಗೆ. ಘಾಟಿ, ಗುಂಡಿ, ಲಾರಿ ಮೂರನ್ನೂ ನಿಭಾಯಿಸಿದ್ದು ಅದೊಂದೇ. ತೊಡಕು ಅಂದರೆ ಸೀಟಿನ ಎತ್ತರ, 825 ಮಿಲಿಮೀಟರ್. ಮೀಟಿಯರ್‌ದು 765. ನಾನು ಐದಡಿ ಐದಿಂಚು. ಲಗೇಜು ಸೇರಿದರೆ ಹೆಚ್ಚುಕಡಿಮೆ ಎರಡು ಕ್ವಿಂಟಾಲ್ ದಾಟುವ ಗಾಡಿಯನ್ನು ಇಳಿಜಾರಲ್ಲಿ ತುದಿಗಾಲಲ್ಲಿ ಹಿಡಿದು ನಿಲ್ಲುವುದು ಸುಲಭ ಅಲ್ಲ. ಹೆಂಡತಿಯಂತೂ ಮೊದಲ ದಿನವೇ "ಇದಕ್ಕೆ ಹತ್ತೋಕೆ ಒಂದು ಮಣೆ ಬೇಕು ಕಣ್ರೀ" ಅಂದಳು. 805ರ ತಗ್ಗು ಸೀಟು ಸಿಗುತ್ತದೆ. ಶೋರೂಮಿನಲ್ಲಿ ಅದನ್ನು ಹಾಕಿಸಿ, ಇಬ್ಬರೂ ಬ್ಯಾಗ್ ಸಮೇತ ಕೂತು, ಎರಡೂ ಕಾಲು ನೆಲಕ್ಕೆ ಸರಿಯಾಗಿ ಊರಿದರೆ ಮಾತ್ರ ಅಡ್ವಾನ್ಸ್ ಕೊಡುತ್ತೇನೆ. ಮೀಟಿಯರ್ ಮಾರುವುದಿಲ್ಲ. ಅಪ್ಪನನ್ನು ಬೇಲೂರಿಗೆ ಕರೆದುಕೊಂಡು ಹೋಗುವುದಕ್ಕೆ ಅದೇ ಬೇಕು.