ಹಾಸನದ ವಕೀಲರ ಆಫೀಸು: ಅಪ್ಪನ ಡಿಸೆಬಿಲಿಟಿ ಪೆನ್ಷನ್ ಕೇಸಿನ ಅನುಭವ (4/5)

"ಇದು ಹಾಸನದ ಕೋರ್ಟಿನಲ್ಲಿ ನಡೆಯುವ ಕೇಸಲ್ಲ ಅಮ್ಮಾ" ಅಂತ ಮೊದಲ ದಿನವೇ ನೇರವಾಗಿ ಹೇಳಿದರಲ್ಲ, ಅದಕ್ಕೇ ಇಷ್ಟು ಸ್ಟಾರ್.

ಅಪ್ಪ ಮಿಲಿಟರಿಯಲ್ಲಿದ್ದವರು. ಬಿಟ್ಟು ಬರುವಾಗ ಮೆಡಿಕಲ್ ಬೋರ್ಡ್ 30% ಅಂಗವೈಕಲ್ಯ ಅಂತ ಬರೆದಿತ್ತು. ಆದರೆ ಕಾಯಿಲೆ ಸೇವೆಯಿಂದ ಬಂದದ್ದಲ್ಲ ಅಂತ ಡಿಸೆಬಿಲಿಟಿ ಪೆನ್ಷನ್ ಕೊಡಲಿಲ್ಲ. ಅದಕ್ಕಾಗಿ ಓಡಾಡುತ್ತಲೇ ಅಪ್ಪ ತೀರಿಕೊಂಡರು. ಆಮೇಲೆ ಅವರಿಗೆ ಬರಬೇಕಿದ್ದ ಹಿಂಬಾಕಿಗೆ ಅಮ್ಮನ ಹೆಸರಲ್ಲಿ ಹೊರಟೆವು.

ಮೊದಲು ಹಿಡಿದ ಬೇರೊಬ್ಬ ವಕೀಲರು ಇಲ್ಲೇ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದರು. 14 ತಿಂಗಳು ಬರೀ ವಾಯಿದೆ. ಕೊನೆಗೆ ಇದು ಈ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಅಂತ ವಾಪಸ್ ಬಂತು. ಅವತ್ತು ಊರು ಸೇರುವವರೆಗೂ ಅಮ್ಮ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಈ ಆಫೀಸಿಗೆ ಕರೆದುಕೊಂಡು ಹೋದದ್ದು ಅಪ್ಪನ ಜೊತೆಗಿದ್ದ ಹವಾಲ್ದಾರ್ ಮಾವ. ವಕೀಲರು ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಮಂಜೂರಾದ ಆದೇಶ), ಮೆಡಿಕಲ್ ಬೋರ್ಡಿನ ಕಾಗದ ಎಲ್ಲಾ ಮುಂದಿಟ್ಟುಕೊಂಡು ಅರ್ಧ ಗಂಟೆ ಓದಿ, ಅಮ್ಮನಿಗೇ ತಿಳಿಯುವ ಹಾಗೆ ಬಿಡಿಸಿ ಹೇಳಿದರು. 2007ರ ಕಾಯ್ದೆ ಪ್ರಕಾರ ಇಂಥ ಪೆನ್ಷನ್ ತಕರಾರು ಕೇಳುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ, ಸಿವಿಲ್ ಕೋರ್ಟಿಗೆ ಆ ಅಧಿಕಾರ ಇಲ್ಲ. ಸೈನಿಕ ಇಲ್ಲದಿದ್ದರೆ ಹೆಂಡತಿ, ವಾರಸುದಾರರು ಹಾಕಬಹುದು. ಅಪ್ಪನ ರೆಕಾರ್ಡ್ಸ್ ಆಫೀಸು ಸಿಕಂದರಾಬಾದಿನಲ್ಲಿದೆ, ಅಲ್ಲಿಗೇ ಅಲೆಯಬೇಕೇನೋ ಅಂತ ಹೆದರಿದ್ದೆವು. ನಾವಿರುವುದು ಹಾಸನದಲ್ಲಿ, ಕರ್ನಾಟಕ ಬರುವುದು ಕೊಚ್ಚಿ ಪೀಠಕ್ಕೆ, ಅಲ್ಲಿ ಹಾಕಿದರೆ ಸಾಕು ಅಂದರು. ಅಲ್ಲೂ ಸೋತರೆ? ಹೈಕೋರ್ಟಿಗೆ ರಿಟ್ ಹಾಕಬಹುದು, 2023ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಸ್ಪಷ್ಟ ಮಾಡಿದೆಯಂತೆ. ಮಂಡಳಿಗೆ ಹೋಗಲು ಸಾಮಾನ್ಯವಾಗಿ 6 ತಿಂಗಳ ಗಡುವು. ನಮ್ಮದು ಮೀರಿತ್ತು. ತಪ್ಪು ಕೋರ್ಟಿನಲ್ಲಿ ಕಳೆದ ಕಾಲವನ್ನೇ ಕಾರಣ ಕೊಟ್ಟು ವಿಳಂಬ ಮನ್ನಿಸಿ ಅಂತ ಬೇರೆ ಅರ್ಜಿಯನ್ನೂ ಇವರೇ ಬರೆದರು.

ಫೀಸು ಎಷ್ಟು, ಯಾವಾಗ ಅಂತ ಮೊದಲೇ ಕಾಗದದಲ್ಲಿ ಬರೆದುಕೊಟ್ಟರು. ಗೆಲ್ಲಿಸಿಯೇ ಕೊಡುತ್ತೇನೆ ಅಂತ ಸುಮ್ನೆ ಆಸೆ ಹುಟ್ಟಿಸಲಿಲ್ಲ, ನನಗೆ ಅದೇ ಜಾಸ್ತಿ ನಂಬಿಕೆ ತಂದದ್ದು.

ಒಂದು ಸ್ಟಾರ್ ಕಡಿಮೆ ಯಾಕಂದ್ರೆ ಫೋನ್ ಎತ್ತುವುದೇ ಇಲ್ಲ, ಹೋಗಿಯೇ ಕೇಳಬೇಕು. ಆಫೀಸು ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ಮಂಡಿ ನೋವಿನ ಮಾಜಿ ಸೈನಿಕರು, ವಯಸ್ಸಾದ ಹೆಂಗಸರು. ಕೆಳಗೆ ಒಂದು ಕುರ್ಚಿಯನ್ನಾದರೂ ಹಾಕಿಸಬೇಕು, ಅಲ್ವಾ?

ಕೇಸು ಕೊಚ್ಚಿ ಪೀಠದಲ್ಲಿ ನಡೆಯುತ್ತಿದೆ, ತೀರ್ಪು ಬಂದಿಲ್ಲ. ಹೋಗುವವರು ಎಲ್ಲದರ ಜೆರಾಕ್ಸ್ ಮಾಡಿಸಿಕೊಂಡು ಹೋಗಿ, ಡಿಸ್ಚಾರ್ಜ್ ಬುಕ್ ಮಾತ್ರ ಎಲ್ಲೂ ಬಿಟ್ಟು ಬರಬೇಡಿ.