ಎರಡು ದಿನದ ಮುಂಬೈ: ಪ್ಯಾಕೇಜ್ ಬಸ್ಸು, ಬಾಡಿಗೆ ಕಾರು, ಡೆಕ್ಕನ್ ಕ್ವೀನ್

ಪುಣೆಯಲ್ಲಿ ನೆಲೆಸಿರುವ ನಮ್ಮಂಥವರ ಮನೆಗೆ ಹುಬ್ಬಳ್ಳಿ-ಧಾರವಾಡದ ಕಡೆಯಿಂದ ನೆಂಟರು ಬಂದರೆ, ಶನಿವಾರವಾಡೆ ಮತ್ತು ದಗಡೂಶೇಠ್ ಗಣಪತಿಯ ದರ್ಶನ ಮುಗಿದ ಮೇಲೆ ಏಳುವ ಪ್ರಶ್ನೆ ಮುಂಬೈಯದು. ಎರಡು ದಿನದಲ್ಲಿ ಹೋಗಿ ಬರಬೇಕು, ಜೊತೆಯಲ್ಲಿ ವಯಸ್ಸಾದವರಿರುತ್ತಾರೆ, ಖರ್ಚು ಕೈಮೀರಬಾರದು. ಇದಕ್ಕೆ ಇಲ್ಲಿ ರೂಢಿಯಲ್ಲಿರುವ ದಾರಿಗಳು ಮೂರು: ಟ್ರಾವೆಲ್ಸ್‌ನವರ ಮುಂಬೈ ದರ್ಶನ ಬಸ್ಸು, ಪುಣೆಯಿಂದಲೇ ಗೊತ್ತು ಮಾಡಿಕೊಂಡು ಹೋಗುವ ಬಾಡಿಗೆ ಕಾರು, ಮತ್ತು ರೈಲಿನಲ್ಲಿ ಹೋಗಿ ದಕ್ಷಿಣ ಮುಂಬೈಯ ಫೋರ್ಟ್ ಭಾಗದಲ್ಲಿ ಒಂದು ರಾತ್ರಿ ತಂಗುವುದು. ಮೂರನ್ನೂ ಬೇರೆ ಬೇರೆ ಸಂದರ್ಭಗಳಲ್ಲಿ ಅನುಭವಿಸಿದ ಮೇಲೆ, ಯಾರು ಕೇಳಿದರೂ ನಾನು ಹೇಳುವುದು ಮೂರನೆಯದನ್ನೇ. ಮೊದಲ ಸಲ ಮುಂಬೈ ನೋಡುವವರು ಕಾಣಬೇಕಾದ ಬಹುಪಾಲು ಕಟ್ಟಡಗಳು ಎರಡು-ಮೂರು ಕಿಲೋಮೀಟರಿನೊಳಗೆ, ನಡೆದು ನೋಡುವ ಅಂತರದಲ್ಲಿವೆ. ಉಳಿದ ಒಂದು ದೊಡ್ಡ ನೋಟಕ್ಕೆ ಸಮುದ್ರದ ಮೇಲೆ ಹೋಗಬೇಕು. ಎರಡಕ್ಕೂ ಊರಿನಿಂದ ತಂದ ವಾಹನ ಬೇಕಾಗುವುದಿಲ್ಲ.

ದರ್ಶನ ಬಸ್ಸಿನ ವಿಷಯ ಬೇಗ ಹೇಳಿ ಮುಗಿಸಬಹುದು. ದರ ಮೂರರಲ್ಲೂ ಕಡಿಮೆ, ಯೋಚನೆಯ ಭಾರವಿಲ್ಲ, ಸಿದ್ಧಿವಿನಾಯಕ ಮತ್ತು ಮಹಾಲಕ್ಷ್ಮಿಯ ದರ್ಶನವಾಗುತ್ತದೆ. ಆದರೆ ಪಟ್ಟಿಯಲ್ಲಿ ಬರೆದ ಸ್ಥಳಗಳಲ್ಲಿ ಅನೇಕವನ್ನು ಕಿಟಕಿಯಿಂದಲೇ ತೋರಿಸುತ್ತಾರೆ. ಗೇಟ್‌ವೇ ಆಫ್ ಇಂಡಿಯಾದ ಬಳಿ ಕೊಡುವ ಸಮಯದಲ್ಲಿ ಘಾರಾಪುರಿಗೆ, ಅಂದರೆ ಗುಹಾದೇವಾಲಯಗಳಿರುವ ಎಲಿಫೆಂಟಾ ದ್ವೀಪಕ್ಕೆ, ಹೋಗಿಬರುವುದು ಅಸಾಧ್ಯ. ದೇವಸ್ಥಾನಗಳೇ ಮುಖ್ಯವೆನ್ನುವ ಹಿರಿಯರ ಗುಂಪಿಗೆ ಈ ಬಸ್ಸು ಸಾಕು.

ಬಾಡಿಗೆ ಕಾರಿನ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ವಯಸ್ಸಾದವರಿದ್ದಾರೆ ಎಂದ ಕೂಡಲೇ ಎಲ್ಲರೂ ಅದನ್ನೇ ಸೂಚಿಸುತ್ತಾರೆ. ಅಕ್ಕ-ಭಾವ ಹಾಗೂ ಅಮ್ಮನೊಂದಿಗೆ ಹೋದಾಗ ಭಾವ ಗೊತ್ತು ಮಾಡಿದ್ದು ಕಾರನ್ನೇ. ಹೋಗುವ ದಾರಿ ನಿಜಕ್ಕೂ ಚೆನ್ನಾಗಿತ್ತು. ಎಕ್ಸ್‌ಪ್ರೆಸ್‌ವೇ ಇಳಿದು ಅಟಲ್ ಸೇತುವಿನ ಮೇಲೆ ಬಂದೆವು. 2024ರ ಜನವರಿಯಲ್ಲಿ ತೆರೆದ ಈ ಸೇತುವೆಯ ಉದ್ದ 21.8 ಕಿಲೋಮೀಟರ್, ಅದರಲ್ಲಿ ಸುಮಾರು 16.5 ಕಿಲೋಮೀಟರ್ ನೀರಿನ ಮೇಲೆಯೇ ಇದೆ. ಕಾರಿಗೆ ಒಂದು ಸಲಕ್ಕೆ 250 ರೂಪಾಯಿ ಟೋಲ್ ಕೊಟ್ಟರೂ ಅಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲವಾದ್ದರಿಂದ ಅದು ನನಗೆ ದುಬಾರಿ ಎನಿಸಲಿಲ್ಲ. ತೊಂದರೆ ಶುರುವಾದದ್ದು ಸೇತುವೆ ಮುಗಿದು ದಕ್ಷಿಣ ಮುಂಬೈ ಸೇರಿದ ಮೇಲೆ.

ಗೇಟ್‌ವೇಯ ಹತ್ತಿರ ಕಾರು ನಿಲ್ಲಿಸಲು ಬಿಡುವುದಿಲ್ಲ. ಅಲ್ಲಿಗೆ ಬರುವ ದಾರಿಗಳಲ್ಲಿ ಬ್ಯಾರಿಕೇಡುಗಳಿರುತ್ತವೆ, ಜನರನ್ನು ತಪಾಸಣೆ ಮಾಡಿ ಒಳಗೆ ಬಿಡುತ್ತಾರೆ, ಕಾರು ನಮ್ಮನ್ನು ಇಳಿಸಿದ ಕ್ಷಣವೇ ಮುಂದೆ ಸಾಗಬೇಕು. ಸುತ್ತಲಿನ ಪಾರ್ಕಿಂಗ್ ಜಾಗಗಳೆಲ್ಲ ತುಂಬಿದ್ದರಿಂದ ನಮ್ಮ ಚಾಲಕ ಬಲ್ಲಾರ್ಡ್ ಎಸ್ಟೇಟಿನ ಕಡೆಗೆ ಹೋಗಿ ನಿಂತಿದ್ದ. ನಾವು ಘಾರಾಪುರಿ ನೋಡಿಕೊಂಡು ಲಾಂಚಿನಿಂದ, ಅಂದರೆ ಪ್ರಯಾಣಿಕರ ದೋಣಿಯಿಂದ, ಇಳಿದು ಫೋನ್ ಮಾಡಿದಾಗ ಹತ್ತು ನಿಮಿಷದಲ್ಲಿ ಬರುತ್ತೇನೆಂದ. ಆ ಭಾಗದ ರಸ್ತೆಗಳಲ್ಲಿ ಬಹಳಷ್ಟು ಏಕಮುಖ ಸಂಚಾರದವು. ಒಂದು ತಿರುವು ತಪ್ಪಿದರೆ ದೊಡ್ಡ ಸುತ್ತು ಹಾಕಿಯೇ ಬರಬೇಕು. ರೀಗಲ್ ಸರ್ಕಲ್ಲಿನ ಬಳಿ ಒಮ್ಮೆ ನಮ್ಮ ಎದುರಿಗೇ ಬಂದರೂ ಸಿಗ್ನಲ್ಲಿನ ಆಚೆ ಬದಿಯಲ್ಲಿದ್ದುದರಿಂದ ನಿಲ್ಲಿಸಲಾಗಲಿಲ್ಲ. ಪೊಲೀಸರು ಸೀಟಿ ಊದಿ ಮುಂದೆ ಕಳಿಸಿದರು, ಅವನು ಮತ್ತೆ ಸುತ್ತಿಗೆ ಹೊರಟ.

ಅಷ್ಟು ಹೊತ್ತೂ ಅಮ್ಮ ಬಿಸಿಲಿನಲ್ಲಿ ನಿಂತಿದ್ದರು. ಘಾರಾಪುರಿಯ ಮೆಟ್ಟಿಲುಗಳನ್ನು ನಿಧಾನವಾಗಿ, ಕೂತು ಎದ್ದು ಹತ್ತಿ ಬಂದಿದ್ದ ಮೊಣಕಾಲುಗಳಿಗೆ ಈ ನಿಲ್ಲುವಿಕೆಯೇ ಹೆಚ್ಚು ನೋವು ಕೊಟ್ಟಿತು. ನೆರಳಿರುವ ಕಡೆ ಹೋಗಿ ಕೂರೋಣವೆಂದರೆ ಕಾರು ಯಾವ ಬದಿಯಿಂದ ಬರುವುದೋ ತಿಳಿಯದು. ಬಂದಾಗ ಹತ್ತುವುದಕ್ಕೆ ಸಿಗುವುದು ಅರ್ಧ ನಿಮಿಷ. ಮ್ಯೂಸಿಯಮ್ಮಿನ ಮುಂದೆಯೂ, ಸಂಜೆ ಮರೀನ್ ಡ್ರೈವಿನಲ್ಲಿಯೂ ಇದೇ ಪುನರಾವರ್ತನೆಯಾಯಿತು. ಎಲ್ಲಿ ಎಷ್ಟು ಹೊತ್ತು ಇರಬೇಕೆಂಬುದನ್ನು ನಮ್ಮ ಮನಸ್ಸಿನ ಬದಲು ಚಾಲಕನ ಫೋನು ತೀರ್ಮಾನಿಸತೊಡಗಿತು. ಅವನದೇನೂ ತಪ್ಪಿರಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆ ಮನುಷ್ಯನಿಗೆ ಇಡೀ ದಿನ ನೆಮ್ಮದಿಯಿಂದ ಊಟಕ್ಕೆ ಕೂರಲು ಜಾಗ ಸಿಗಲಿಲ್ಲ, ರಾತ್ರಿ ಅವನು ಕಾರಿನಲ್ಲೇ ಮಲಗಿದ. ನಾವು ಹಾಸಿಗೆಯ ಮೇಲೆ ಮಲಗಿದ್ದು, ನಮ್ಮನ್ನು ಕರೆತಂದವನು ಸೀಟಿನ ಮೇಲೆ ಮುದುಡಿ ಮಲಗಿದ್ದು ನನಗೆ ಇಂದಿಗೂ ಸರಿಕಾಣುವುದಿಲ್ಲ.

ಹಣದ ಲೆಕ್ಕವೂ ಕಾರಿನ ಪರವಾಗಿ ನಿಲ್ಲುವುದಿಲ್ಲ. ಪುಣೆಯ ಟ್ರಾವೆಲ್ಸ್‌ನವರು ಹೊರಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಹಿಡಿಯುವುದು ಸಾಮಾನ್ಯ. ಮುಂಬೈಗೆ ಹೋಗಿಬರುವ ಒಟ್ಟು ದೂರವೇ ಹೆಚ್ಚುಕಡಿಮೆ ಅಷ್ಟು. ಎರಡು ದಿನಕ್ಕೆ 600 ಕಿಲೋಮೀಟರಿನ ಬಾಡಿಗೆ ಕೊಟ್ಟರೆ, ಅದರ ಸುಮಾರು ಅರ್ಧ ಕಾರು ಎಲ್ಲೋ ನಿಂತದ್ದಕ್ಕೆ ಅಥವಾ ನಮ್ಮನ್ನು ಹುಡುಕುತ್ತ ಸುತ್ತಿದ್ದಕ್ಕೆ ಸಲ್ಲುತ್ತದೆ. ಅದರ ಮೇಲೆ ಟೋಲ್, ಪಾರ್ಕಿಂಗ್, ಚಾಲಕನ ಬಾಟಾ. ಕಾರು ಬಿಟ್ಟರೆ ಆಗುವ ಉಳಿಕೆಯಲ್ಲಿ ಫೋರ್ಟಿನಲ್ಲಿ ಒಂದು ಒಳ್ಳೆಯ ಕೋಣೆ ಬರುತ್ತದೆ.

ಇನ್ನು ನನ್ನ ಮೆಚ್ಚಿನ ದಾರಿ. 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಬೆಳಿಗ್ಗೆ 7.15ಕ್ಕೆ ಪುಣೆಯಿಂದ ಹೊರಟು ಹತ್ತೂವರೆಯ ಸುಮಾರಿಗೆ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ತಲುಪುತ್ತದೆ. ಮರುದಿನ ಸಂಜೆ 5.10ಕ್ಕೆ ಅಲ್ಲಿಂದ ಹೊರಟರೆ ರಾತ್ರಿಯ ಊಟಕ್ಕೆ ಮನೆ. ಇದರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಲಾಭವಿದೆ: ರೈಲು ನಮ್ಮನ್ನು ಇಳಿಸುವುದೇ ನೋಡತಕ್ಕ ಮೊದಲ ಸ್ಥಳದಲ್ಲಿ. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸಗೊಳಿಸಿದ, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ನಿಲ್ದಾಣವನ್ನು ಕಾರಿನವರು ಎದುರಿನ ರಸ್ತೆಯಿಂದ ಸಿಗ್ನಲ್ ಬಿಡುವಷ್ಟು ಹೊತ್ತು ನೋಡುತ್ತಾರೆ. ರೈಲಿನಿಂದ ಇಳಿದವರು ಕಂಬಗಳ ತಲೆಯಲ್ಲಿ ಕೊರೆದ ಎಲೆಗಳನ್ನೂ ಪ್ರಾಣಿಪಕ್ಷಿಗಳನ್ನೂ, ಹೆಬ್ಬಾಗಿಲಿನ ಎರಡು ಕಂಬಗಳ ಮೇಲೆ ಕುಳಿತ ಸಿಂಹ ಮತ್ತು ಹುಲಿಯನ್ನೂ ನಿಂತು ನೋಡಬಹುದು. ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ ಸಂಕೇತ.

ಕೋಣೆ ಸಿಗುವ ವೇಳೆಯವರೆಗೆ ಚೀಲಗಳನ್ನು ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಇಡಬಹುದು. ಚೀಲಕ್ಕೆ ಬೀಗವಿರಬೇಕು, ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ. ಮೊದಲ ದಿನ ಫ್ಲೋರಾ ಫೌಂಟನ್, ಹಾರ್ನಿಮನ್ ಸರ್ಕಲ್, ಏಷ್ಯಾಟಿಕ್ ಸೊಸೈಟಿಯ ಟೌನ್‌ಹಾಲ್, ಕಾಳಾ ಘೋಡಾ, ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ ಎಲ್ಲವೂ ಒಂದರ ಬೆನ್ನಿಗೊಂದು ಬರುತ್ತವೆ. 1833ರಲ್ಲಿ ಮುಗಿದ ಟೌನ್‌ಹಾಲಿನ ಅಗಲವಾದ ಮೆಟ್ಟಿಲುಗಳು ಹಿರಿಯರಿಗೆ ಕೂತು ದಣಿವಾರಿಸಿಕೊಳ್ಳುವ ತಾಣ. ದಣಿದವರಿಗೆ ನಗರ ಸಾರಿಗೆಯಾದ ‘ಬೆಸ್ಟ್’ನ ಬಸ್ಸಿದೆ, ಕಾಳಿ-ಪೀಳಿ ಟ್ಯಾಕ್ಸಿಯಿದೆ. ಆಟೋ ಮಾತ್ರ ಹುಡುಕಬೇಡಿ. ದಕ್ಷಿಣ ಮುಂಬೈಯಲ್ಲಿ ಆಟೋಗಳಿಗೆ ಅನುಮತಿಯೇ ಇಲ್ಲ. 2025ರ ಅಕ್ಟೋಬರಿನಲ್ಲಿ ಪೂರ್ಣವಾಗಿ ತೆರೆದ ಮೂರನೆಯ ಮೆಟ್ರೊ ಮಾರ್ಗದಲ್ಲಿ ಸಿಎಸ್‌ಎಂಟಿಯಿಂದ ನೇರವಾಗಿ ಸಿದ್ಧಿವಿನಾಯಕಕ್ಕೆ ಹೋಗಬಹುದಾದ್ದರಿಂದ ದೇವರ ದರ್ಶನಕ್ಕೆ ಕಾರು ಬೇಕೆಂಬ ವಾದವೂ ಈಗ ಉಳಿದಿಲ್ಲ. ಹಿರಿಯರನ್ನು ಕೆಲಸದ ದಿನ ಬೆಳಿಗ್ಗೆ-ಸಂಜೆಯ ನೂಕುನುಗ್ಗಲಿನಲ್ಲಿ ಲೋಕಲ್ ರೈಲಿಗೆ ಹತ್ತಿಸುವ ಸಾಹಸ ಬೇಡ.

ಫೋರ್ಟಿನಲ್ಲಿ ತಂಗುವುದರ ನಿಜವಾದ ಫಲ ಎರಡನೆಯ ದಿನ ಬೆಳಿಗ್ಗೆ ಸಿಗುತ್ತದೆ. ಒಂಬತ್ತರ ಸುಮಾರಿಗೆ ಗೇಟ್‌ವೇಯಿಂದ ಹೊರಡುವ ಮೊದಮೊದಲ ಲಾಂಚುಗಳನ್ನು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಘಾರಾಪುರಿ. 2024ರ ಡಿಸೆಂಬರಿನಲ್ಲಿ ಈ ಮಾರ್ಗದ ಲಾಂಚೊಂದಕ್ಕೆ ನೌಕಾಪಡೆಯ ದೋಣಿ ಡಿಕ್ಕಿ ಹೊಡೆದು ಪ್ರಾಣಹಾನಿಯಾಗಿದೆ. ಆದ್ದರಿಂದ ಲೈಫ್ ಜಾಕೆಟ್ಟನ್ನು ಎಷ್ಟೇ ಸೆಕೆಯಾದರೂ ತೊಟ್ಟುಕೊಂಡೇ ಕೂರಬೇಕು. ಜೆಟ್ಟಿಯಿಂದ ಬೆಟ್ಟದ ಬುಡದವರೆಗೆ ಪುಟ್ಟ ರೈಲಿದೆ, ಅಲ್ಲಿಂದ ಮುಂದೆ ನೂರಿಪ್ಪತ್ತರಷ್ಟು ಮೆಟ್ಟಿಲು. ಹತ್ತಲಾಗದವರಿಗೆ ಹೊತ್ತೊಯ್ಯುವ ಕುರ್ಚಿಗಳು ಸಿಗುತ್ತವೆ.

ಮಧ್ಯಾಹ್ನದ ಗುಂಪು ಸೇರುವ ಮೊದಲು ಗುಹೆಯೊಳಗೆ ಹೋಗುವುದಕ್ಕೂ ಆಮೇಲೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ದಕ್ಷಿಣದ ಗೋಡೆಯಲ್ಲಿರುವ, ಮೂರು ಮುಖಗಳು ಕಾಣುವ ಸದಾಶಿವನ ಮೂರ್ತಿ ಸುಮಾರು ಇಪ್ಪತ್ತು ಅಡಿ ಎತ್ತರದ್ದು. ಬಿಸಿಲಿನಿಂದ ಒಳಗೆ ಬಂದವರ ಕಣ್ಣಿಗೆ ಮೊದಲು ನಡುವಿನ ಶಾಂತ ಮುಖವಷ್ಟೇ ಕಾಣುತ್ತದೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ನಮ್ಮ ಎಡಕ್ಕೆ ಮೀಸೆಯುಳ್ಳ ಉಗ್ರ ಅಘೋರನೂ, ಬಲಕ್ಕೆ ತುಂಬುತುಟಿಯ ಸೌಮ್ಯ ವಾಮದೇವನೂ ಬಂಡೆಯಿಂದ ಎದ್ದುಬರುತ್ತಾರೆ. ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಕಂಡವರು ಇಲ್ಲಿನ ಭಗ್ನ ನಟರಾಜನ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಲೇಬೇಕು. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿ ಹಡಗುಪಡೆಯೊಂದಿಗೆ ಮುತ್ತಿದನೆಂದು ಕವಿ ರವಿಕೀರ್ತಿ ವರ್ಣಿಸುವ ಪುರಿ ಇದೇ ದ್ವೀಪವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ನಮ್ಮ ಕಡೆಯ ಜನರನ್ನು ಇಲ್ಲಿಗೆ ಕರೆತರಲೇಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ.

ಊಟದ ಚಿಂತೆಯಿಲ್ಲ. ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಕನ್ನಡದಲ್ಲೇ ಕೇಳಿದರೂ ಎಷ್ಟೋ ಕಡೆ ನಡೆಯುತ್ತದೆ. ಬಾಳೆಲೆಯ ಊಟ ಬೇಕೆನ್ನುವವರು ಮಾಟುಂಗಾಕ್ಕೆ ಹೋಗಬೇಕು.

ಕೋಣೆಗಳು ಚಿಕ್ಕವು, ದರ ಪುಣೆಗಿಂತ ಜಾಸ್ತಿ. ಹಳೆಯ ಕಟ್ಟಡಗಳಾದ್ದರಿಂದ ಲಿಫ್ಟ್ ಇದೆಯೇ ಎಂದು ಫೋನಿನಲ್ಲಿ ಕೇಳಿಯೇ ಕಾದಿರಿಸಬೇಕು.

ನಾನು ಬೆಳಿಗ್ಗೆ ಬೇಗ ಏಳುವವನು, ನಡೆಯಲು ಬೇಸರಪಡದವನು, ಕಾಯುವುದನ್ನು ಸಹಿಸದವನು. ನನ್ನ ಆಯ್ಕೆಯಲ್ಲಿ ಈ ಅಭ್ಯಾಸಗಳ ಪಾಲೂ ಇದೆ. ಕೈಕೂಸು ಇರುವವರು, ಜುಹೂ ಮತ್ತು ಬಾಂದ್ರಾ-ವರ್ಲಿ ಸೇತುವೆಯನ್ನು ಒಂದೇ ಸುತ್ತಿನಲ್ಲಿ ನೋಡಬಯಸುವವರು ಒಂದು ದಿನದ ಮಟ್ಟಿಗೆ ಮುಂಬೈಯಲ್ಲೇ ಕಾರು ಹಿಡಿದರೆ ಒಳ್ಳೆಯದು. ಪುಣೆಯಿಂದ ಒಯ್ಯುವುದು ಬೇಡ. ರೈಲಿನ ಕಾಯ್ದಿರಿಸುವಿಕೆ 60 ದಿನ ಮುಂಚೆ ತೆರೆಯುತ್ತದೆ, ಡೆಕ್ಕನ್ ಕ್ವೀನಿನ ವಾರಾಂತ್ಯದ ಸೀಟುಗಳು ಬೇಗ ಮುಗಿಯುತ್ತವೆ. ಘಾರಾಪುರಿಯ ಗುಹೆಗಳಿಗೆ ಸೋಮವಾರ ರಜೆ. ಆದ್ದರಿಂದ ಭಾನುವಾರ ಹೊರಡುವ ಬದಲು ಶನಿವಾರ ಹೊರಡಿ, ಸಾಧ್ಯವಾದರೆ ಜನಸಂದಣಿ ಕಡಿಮೆಯಿರುವ ಮಂಗಳವಾರ-ಬುಧವಾರಗಳನ್ನೇ ಆರಿಸಿಕೊಳ್ಳಿ.